ಐದು ‘ಬಾರ್ಡರ್’ ಕೂಡಿಸುವವರು ಯಾರು?

ಮಾನ್ಯ ಸಂಪಾದಕರೇ,

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಕಳೆದ ತಿಂಗಳು ಉಚಿತ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ನಾನೂ ಸಾಲಿನಲ್ಲಿ ನಿಂತೆ. ಬಿ.ಪಿ. 134/88. ‘ಬಾರ್ಡರ್, ಉಪ್ಪು ಕಮ್ಮಿ ಮಾಡಿ’ ಅಂದರು. ಪಕ್ಕದ ಟೇಬಲ್‌ನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 106. ಅದೂ ಬಾರ್ಡರ್ ಅಂತೆ. ನಾಲ್ಕು ದಿನ ಬಿಟ್ಟು ರಕ್ತದ ಕೊಬ್ಬಿನ ವರದಿ ವಾಟ್ಸ್‌ಆ್ಯಪ್‌ಗೆ ಬಂತು: ಒಟ್ಟು ಕೊಲೆಸ್ಟ್ರಾಲ್ 178, ನಾರ್ಮಲ್. ಆ ಖುಷಿಗೆ ಭಾನುವಾರ ಬೆಣ್ಣೆ ದೋಸೆಯೂ ಆಯಿತು.

ಅದೇ ವರದಿಯ ಕೆಳಗಿನ ಸಾಲುಗಳನ್ನು ಓದಿದ್ದು ನರ್ಸಿಂಗ್ ಕಲಿಯುತ್ತಿರುವ ಅಣ್ಣನ ಮಗಳು. ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು 212, ಅದು 150ರೊಳಗಿರಬೇಕು. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ 36, ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಇಳಿಯಬಾರದು. ‘ಚಿಕ್ಕಪ್ಪ, ಸೊಂಟ ಎಷ್ಟು?’ ಅಂದಳು. 34 ಇಂಚು ಅಂದೆ, ಪ್ಯಾಂಟಿನ ಲೆಕ್ಕ. ಹೊಲಿಗೆ ಡಬ್ಬಿಯ ಟೇಪು ತಂದು ಸೊಂಟದ ಮೂಳೆಯ ಮೇಲ್ಭಾಗಕ್ಕೆ ಸುತ್ತಿದಳು. 39! ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿದ್ದಕ್ಕೇ ಇಷ್ಟು ವರ್ಷ ಸೈಜು ಬದಲಾಗಿರಲಿಲ್ಲ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಅಂದರೆ ಮೂವತ್ತೈದೂವರೆ ಇಂಚೇ ಗಡಿ. ಹೆಂಗಸರಿಗೆ 80 ಸೆಂ.ಮೀ.

ಸೊಂಟ, 130/85ರ ಬಿ.ಪಿ., 100ರ ಸಕ್ಕರೆ, ಮೇಲಿನ ಎರಡು ಕೊಬ್ಬು: ಈ ಐದರಲ್ಲಿ ಮೂರು ಗೆರೆ ದಾಟಿದರೂ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ಹೆಚ್ಚಿಸುವ ಸ್ಥಿತಿ. ನನ್ನವು ಐದೂ ದಾಟಿವೆ. ಒಂದೊಂದನ್ನೇ ನೋಡಿದವರಿಗೆ ನಾನು ಬಾರ್ಡರ್ ಮನುಷ್ಯ. ಆದರೆ ಇವು ಬೇರೆ ಬೇರೆ ಕಾಯಿಲೆಗಳಲ್ಲ. ಹೊಟ್ಟೆಯೊಳಗೆ ಕೊಬ್ಬು ತುಂಬಿದಾಗ ಸಕ್ಕರೆ ಹಿಡಿತದಲ್ಲಿಡುವ ಇನ್ಸುಲಿನ್ ಮಾತು ದೇಹ ಕೇಳುವುದಿಲ್ಲ, ಸಕ್ಕರೆ ಏರುತ್ತದೆ. ಆಗ ಲಿವರ್ ರಕ್ತಕ್ಕೆ ಟ್ರೈಗ್ಲಿಸರೈಡ್ ಸುರಿಯುತ್ತದೆ, ಒಳ್ಳೆಯ ಎಚ್‌ಡಿಎಲ್ ಇಳಿಯುತ್ತದೆ. ಕಿಡ್ನಿ ಉಪ್ಪು ಹಿಡಿದಿಟ್ಟುಕೊಂಡು ಬಿ.ಪಿ. ಏರಿಸುತ್ತದೆ.

ಇನ್ನೊಂದು ಮಾತು. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವ ಗೆಳೆಯರು, ‘ಎಣ್ಣೆ ತಿಂಡಿ ಬಿಟ್ಟಿದ್ದೀನಿ, ಸಂಜೆಗೆ ಬರೀ ಮಂಡಕ್ಕಿ’ ಅನ್ನುತ್ತಾರೆ. ನಾನೂ ಹಾಗೇ ಅಂದವನೇ. ಮಂಡಕ್ಕಿ ಕೈಗೆ ಹಗುರ, ಆದರೆ ಅದೂ ಅಕ್ಕಿಯೇ. ಮೂರು ಹೊತ್ತು ಅನ್ನದ ಮೇಲೆ ಅದೂ ಸೇರಿದರೆ ಹೆಚ್ಚಾದ ಪಿಷ್ಟವನ್ನು ಲಿವರ್ ಕೊಬ್ಬಾಗಿಸುತ್ತದೆ. ಭಟ್ಟಿಯಲ್ಲೇ ಬೆರೆತ ಉಪ್ಪು ಬೇರೆ.

ಆರೋಗ್ಯ ಇಲಾಖೆಯವರು ಶಿಬಿರಗಳಲ್ಲಿ ಸೊಂಟವನ್ನೂ ಅಳೆಯಲಿ. ಐದೂ ಅಂಕಿ ಒಂದೇ ಚೀಟಿಯಲ್ಲಿ ಬರೆದು, ಕೊನೆಯಲ್ಲಿ ಒಬ್ಬರು ಕೂತು ಕೂಡಿಸಿ ಹೇಳಲಿ. ಟೇಪು ಇಲ್ಲವೆಂದರೆ ನಮ್ಮ ಹೊಲಿಗೆ ಡಬ್ಬಿಯದನ್ನೇ ತಂದುಕೊಡುತ್ತೇನೆ.

– ದಲಾಲಿ ಅಂಗಡಿಯೊಂದರ ಗುಮಾಸ್ತ, ದಾವಣಗೆರೆ