ಭಯದ ಕಾದಂಬರಿ ಕೊಳ್ಳುವುದಾದರೆ ಇಡೀ ಪುಸ್ತಕವನ್ನೇ ಕೊಳ್ಳಿ

ಮಾನ್ಯ ಸಂಪಾದಕರೇ,

ಕಾಲೇಜು ಗ್ರಂಥಾಲಯಗಳಿಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ಪುಸ್ತಕ ಆರಿಸುವವರಲ್ಲಿ ನಮ್ಮದೊಂದು ವಿನಂತಿ. ಹಾರರ್ ಕಾದಂಬರಿಗಳ ಸಂಕ್ಷಿಪ್ತ ಪ್ರತಿಗಳನ್ನು ದಯವಿಟ್ಟು ಕೊಳ್ಳಬೇಡಿ. ನೂರು ಪುಟಕ್ಕೆ ಇಳಿಸಿದ ‘ಡ್ರಾಕುಲಾ’ ಓದಿದ ಹುಡುಗರು ಇದರಲ್ಲಿ ಹೆದರುವಂಥದ್ದೇನಿದೆ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ಸಂಕ್ಷೇಪಿಸುವವರು ಘಟನೆಗಳನ್ನು ಉಳಿಸಿಕೊಂಡು, ಭಯ ಹುಟ್ಟಿಸುವ ನಿಧಾನದ ಪುಟಗಳನ್ನೇ ಕತ್ತರಿಸಿರುತ್ತಾರೆ.

ಬ್ರಾಮ್ ಸ್ಟೋಕರ್ 1897ರಲ್ಲಿ ಹೊರತಂದ ‘ಡ್ರಾಕುಲಾ’ ದಿನಚರಿ, ಪತ್ರ, ಟೆಲಿಗ್ರಾಂ, ಪತ್ರಿಕೆಯ ತುಣುಕುಗಳಲ್ಲೇ ಸಾಗುತ್ತದೆ. ಅದರ ಏಳನೇ ಅಧ್ಯಾಯದಲ್ಲಿ ಹಡಗೊಂದರ ದಾಖಲೆ ಇದೆ. ವಾರ್ನಾ ಬಂದರಿನಿಂದ ಇಂಗ್ಲೆಂಡಿನ ವಿಟ್ಬಿ ಕಡೆಗೆ ಹೊರಟ ‘ಡಿಮೀಟರ್’ ಹಡಗಿನಲ್ಲಿ ಐವರು ನಾವಿಕರು, ಇಬ್ಬರು ಮೇಟ್‌ಗಳು (ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿಗಳು), ಒಬ್ಬ ಅಡುಗೆಯವ, ಒಬ್ಬ ಕ್ಯಾಪ್ಟನ್. ಕ್ಯಾಪ್ಟನ್ ತಾರೀಖು ಹಾಕಿ ಬರೆಯುತ್ತ ಹೋಗುತ್ತಾನೆ: ಒಬ್ಬ ಕಾಣೆಯಾದ, ಹಡಗನ್ನೆಲ್ಲ ಜಾಲಾಡಿದರೂ ಹೊರಗಿನವರು ಯಾರೂ ಸಿಗಲಿಲ್ಲ, ಈಗ ಇನ್ನೊಬ್ಬನೂ ಇಲ್ಲ. ರಕ್ತ ಹೀರುವ ಡ್ರಾಕುಲಾನ ಹೆಸರು ಆ ದಾಖಲೆಯಲ್ಲಿ ಒಂದು ಸಲವೂ ಬರುವುದಿಲ್ಲ. ಹಡಗು ದಡ ಸೇರಿದಾಗ ಚುಕ್ಕಾಣಿಗೆ ಕೈ ಕಟ್ಟಿಕೊಂಡ ಕ್ಯಾಪ್ಟನ್‌ನ ಹೆಣವಷ್ಟೇ ಇರುತ್ತದೆ. ಅಗ್ಗದ ಪ್ರತಿಯಲ್ಲಿ ಇದೆಲ್ಲ ‘ಡ್ರಾಕುಲಾ ಹಡಗೇರಿ ಇಂಗ್ಲೆಂಡಿಗೆ ಬಂದ’ ಎಂಬ ಒಂದೇ ಸಾಲಿಗೆ ಇಳಿದುಬಿಡುತ್ತದೆ.

ಪೂರ್ಣ ಪ್ರತಿಯನ್ನು ಅಂಗಡಿಯಲ್ಲೇ ನಿಂತು ಗುರುತಿಸಬಹುದು. ‘ಡ್ರಾಕುಲಾ’ದಲ್ಲಿ 27 ಅಧ್ಯಾಯ ಇರಬೇಕು, ಮೊದಲ ದಿನಚರಿ ಮೇ 3ರದ್ದು, ಬಿಸ್ಟ್ರಿಟ್ಜ್ ಊರಿನದ್ದಾಗಿರಬೇಕು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಶುರುವಾಗುವುದು ಪ್ರಯೋಗಶಾಲೆಯಿಂದಲ್ಲ, ಉತ್ತರ ಧ್ರುವದತ್ತ ಹೊರಟ ವಾಲ್ಟನ್ ಸೇಂಟ್ ಪೀಟರ್ಸ್‌ಬರ್ಗಿನಿಂದ ತನ್ನ ಅಕ್ಕನಿಗೆ ಬರೆದ ಪತ್ರದಿಂದ. ಆ ಪತ್ರಗಳಿಲ್ಲದಿದ್ದರೆ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ಈ ಕಾದಂಬರಿಗೆ ಎರಡು ಪಠ್ಯಗಳಿವೆ: 1818ರದ್ದು, ಲೇಖಕಿಯೇ ತಿದ್ದಿದ 1831ರದ್ದು. ಎರಡನೆಯದರಲ್ಲಿ 11ರಿಂದ 16ನೇ ಅಧ್ಯಾಯದವರೆಗೆ ಫ್ರಾಂಕೆನ್‌ಸ್ಟೈನ್ ಸೃಷ್ಟಿಸಿದ ಜೀವಿಯೇ ತನ್ನ ಕಥೆ ಹೇಳುತ್ತದೆ. ಗೋಡೆಯ ಸಂದಿಯಿಂದ ಒಂದು ಬಡ ಕುಟುಂಬವನ್ನು ನೋಡುತ್ತ ಮಾತು ಕಲಿಯುತ್ತದೆ, ಅವರಿಗೆ ಕಾಣದಂತೆ ಸೌದೆ ತಂದಿಡುತ್ತದೆ. ಇದನ್ನು ಓದದವರಿಗೆ ಮುಂದಿನ ಕೊಲೆಗಳು ಬರೀ ಕೊಲೆಗಳಾಗಿಯೇ ಕಾಣುತ್ತವೆ. ಈ ಹಳೆಯ ಕೃತಿಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕಂಪ್ಯೂಟರ್ ಇರುವ ಅರಿವು ಕೇಂದ್ರಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಇಂಗ್ಲಿಷ್ ಓದು ಹೊಸದಾದವರಿಗೆ ಮೊದಲೇ ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕೊಡಬೇಡಿ. ಕಾದಂಬರಿ ಚಿಕ್ಕದೇ, ಆದರೆ ವಾಕ್ಯಗಳು ಬಳಸಿ ಬಳಸಿ ಸಾಗುವುದರಿಂದ ಹತ್ತು ಪುಟಕ್ಕೇ ಸುಸ್ತಾಗುತ್ತದೆ. ಸೂಸನ್ ಹಿಲ್ ಅವರ ‘ದಿ ವುಮನ್ ಇನ್ ಬ್ಲ್ಯಾಕ್’ (1983) ಸರಿಯಾದ ಆರಂಭ. ಪುಟ ಕಡಿಮೆ, ಭಾಷೆ ತಿಳಿ. ಸಮುದ್ರದ ಭರತ ಬಂದಾಗ ನೀರಲ್ಲಿ ಮುಳುಗುವ ದಾರಿ, ಅದರಾಚೆ ಒಂಟಿ ಮನೆ. ಆಮೇಲೆ ಶರ್ಲಿ ಜಾಕ್ಸನ್‌ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಓದಲಿ. ನಮ್ಮ ಮಟ್ಟಿಗೆ ಇಡೀ ಪ್ರಕಾರದಲ್ಲೇ ಶ್ರೇಷ್ಠವಾದದ್ದು ಇದು. ಒಂದು ರಾತ್ರಿ ಕಥಾನಾಯಕಿ ಎಲಿನರ್ ಕತ್ತಲಲ್ಲಿ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾಳೆ. ದೀಪ ಹತ್ತಿದಾಗ ಏನು ಕಂಡಿತೆಂದು ಇಲ್ಲಿ ಹೇಳಿದರೆ ಓದುವವರಿಗೆ ಅನ್ಯಾಯ ಮಾಡಿದಂತೆ. ಮುನ್ನುಡಿಗಳು ಇಂಥದ್ದನ್ನೇ ಬಾಯಿಬಿಡುತ್ತವೆ, ಆದ್ದರಿಂದ ಯಾವ ಹಾರರ್ ಪುಸ್ತಕದ ಮುನ್ನುಡಿಯನ್ನೂ ಕೊನೆಗೇ ಓದಬೇಕು.

ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ (1977) ಸಿನಿಮಾ ನೋಡಿದವರೂ ಓದಬೇಕಾದದ್ದು. ಕಾದಂಬರಿಯ ಹೋಟೆಲಿನಲ್ಲಿ ಹಳೆಯ ಬಾಯ್ಲರ್ ಇದೆ, ಅದರ ಒತ್ತಡವನ್ನು ದಿನವೂ ಇಳಿಸಬೇಕು, ಮರೆತರೆ ಮುಳ್ಳು ಏರುತ್ತಲೇ ಹೋಗುತ್ತದೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ದುಡಿಯುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೊಸದರಲ್ಲಿ ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ (2020) ಮೊದಲು ತರಿಸಿ. ಬೆಳ್ಳಿ ಗಣಿಯಿಂದ ಸಿರಿವಂತರಾದ ಇಂಗ್ಲಿಷ್ ಮನೆತನ, ಸತ್ತ ಗಣಿ ಕಾರ್ಮಿಕರು, ಗೋಡೆಗೆ ಹಬ್ಬಿದ ಬೂಷ್ಟು: ಚಿನ್ನದ ಗಣಿಯಿರುವ ಹಟ್ಟಿ ಸೀಮೆಯ ಓದುಗರಿಗೆ ಇದು ದೂರದ ಕಥೆ ಅನ್ನಿಸದು.

ಬಾನಾಮತಿ ಎಂಬ ಮಾಟದ ಹೆಸರಲ್ಲಿ ಜನರನ್ನು ಹೆದರಿಸಿ ದುಡ್ಡು ಕೀಳುವವರಿರುವ ನಮ್ಮ ಜಿಲ್ಲೆಗೆ ಇಂಥ ಪುಸ್ತಕ ಯಾಕೆ ಎಂಬ ಆಕ್ಷೇಪವಿದೆ. ಆತಂಕ ಸರಿಯಾದದ್ದೇ. ರಾಜ್ಯದಲ್ಲಿ ವಾಮಾಚಾರದ ವಿರುದ್ಧ 2017ರ ಕಾಯ್ದೆ ಬಂದದ್ದೂ ಅದಕ್ಕೇ. ಆದರೆ ಮೋಸ ಮಾಡುವವನು ಇದು ನಿಜ ಎನ್ನುತ್ತಾನೆ, ಕಾದಂಬರಿ ತಾನು ಕಟ್ಟುಕಥೆ ಎಂದು ಹೇಳಿಕೊಂಡೇ ಭಯದ ಒಳಗನ್ನು ಬಿಚ್ಚಿ ತೋರಿಸುತ್ತದೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದಲ್ಲಿ ಮಗುವಿನ ಮೇಲಿನ ಮಾಟ, ವಿಜ್ಞಾನದ ವಿವರಣೆ ಎರಡೂ ಜೊತೆಜೊತೆಗೇ ಸಾಗುತ್ತವೆ. ಕನ್ನಡದಲ್ಲೂ ಸಿಗುತ್ತದೆ, ತೆಲುಗು ಬಲ್ಲ ನಮ್ಮ ಕಡೆಯವರು ಮೂಲವನ್ನೇ ಓದಬಹುದು. ಅದನ್ನೂ ಬಳ್ಳಾರಿಯವರಾದ ರವಿ ಬೆಳಗೆರೆ ಅವರ ‘ಮಾಟಗಾತಿ’ಯನ್ನೂ ದೊಡ್ಡವರ ಕಪಾಟಿನಲ್ಲಿಡಿ. ಕಿಂಗ್ ಅವರ ‘ಪೆಟ್ ಸೆಮೆಟರಿ’ಯ (1983) ಮೇಲೆ, ಎಳೆಯ ಮಗುವಿನ ಸಾವು ಇದರಲ್ಲಿದೆ ಎಂದು ಒಂದು ಚೀಟಿ ಅಂಟಿಸಿ. ಮಗುವನ್ನು ಕಳೆದುಕೊಂಡವರು ಅದನ್ನು ತಿಳಿಯದೆ ಕೈಗೆತ್ತಿಕೊಳ್ಳಬಾರದು.

— ಕೆಲವು ಓದುಗರು, ರಾಯಚೂರು