‘ಬರೀ ವಾರ್ನಿಂಗ್ ಅಲ್ವಾ’ ಎಂದು ಬಿಡಬೇಡಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಲ್ಯಾಬ್ ಬಗ್ಗೆ ಒಂದು ಮಾತು ಹೇಳಬೇಕಿದೆ. ನಾನು ಹಲವು ವರ್ಷಗಳಿಂದ ಸಿ ಭಾಷೆಯಲ್ಲೇ ಕೆಲಸ ಮಾಡುತ್ತಿರುವವನು. ಹೊಸದಾಗಿ ಕೆಲಸಕ್ಕೆ ಸೇರಿದವರ ಕೋಡ್ ದಿನಾ ನೋಡುತ್ತೇನೆ. ಚುರುಕಾದ ಮಕ್ಕಳು. ಆದರೆ ಕಂಪೈಲ್ ಮಾಡಿದಾಗ, ಅಂದರೆ ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವಾಗ, ‘ಇಲ್ಲಿ ತಪ್ಪಿರಬಹುದು’ ಎಂಬ ವಾರ್ನಿಂಗ್ ಪರದೆ ತುಂಬ ಬಂದರೂ ಅವರ ಉತ್ತರ ಒಂದೇ: “ಸರ್, ಬರೀ ವಾರ್ನಿಂಗ್ ಅಲ್ವಾ, ಎರರ್ ಏನಿಲ್ವಲ್ಲ.” ಇದನ್ನು ಅವರು ಕಲಿತಿದ್ದು ಲ್ಯಾಬಿನಲ್ಲಿ. ಔಟ್‌ಪುಟ್ ಬಂತಾ, ರೆಕಾರ್ಡಿಗೆ ಸಹಿ ಬಿತ್ತಾ, ಮುಗೀತು.

ಎಲ್ಲರೂ ಮೊದಲ ವಾರವೇ ಬರೆಯುವ, ಕೀಬೋರ್ಡಿನಿಂದ ಓದುವ ಸ್ಕ್ಯಾನ್‌ಎಫ್ ತಗೊಳ್ಳಿ. ಎಷ್ಟು ಬೆಲೆ (ವ್ಯಾಲ್ಯೂ) ಓದಿದೆ ಅಂತ ಅದು ಪ್ರತಿ ಸಲ ಲೆಕ್ಕ ಕೊಡುತ್ತದೆ. ವಯಸ್ಸು ಕೇಳಿದ ಕಡೆ ಯಾರಾದರೂ ಅಂಕಿ ಬಿಟ್ಟು ಅಕ್ಷರ ಒತ್ತಿದರೆ ಅದು ಕೊಡುವುದು ಸೊನ್ನೆ, ವೇರಿಯೇಬಲ್‌ನಲ್ಲಿ ಮೊದಲಿದ್ದ ಕಸ ಹಾಗೇ ಉಳಿಯುತ್ತದೆ, ಪ್ರೋಗ್ರಾಂ ಆ ಕಸವನ್ನೇ ವಯಸ್ಸು ಅಂದುಕೊಂಡು ಮುಂದೆ ಹೋಗುತ್ತದೆ. ಆ ಸೊನ್ನೆಯನ್ನು ಯಾರೂ ನೋಡುವುದಿಲ್ಲ. ಉಬುಂಟು ಲಿನಕ್ಸ್‌ನಲ್ಲಿ ಆಪ್ಟಿಮೈಸೇಶನ್ (ಕೋಡನ್ನು ವೇಗಗೊಳಿಸುವ ಆಯ್ಕೆ) ಆನ್ ಮಾಡಿದರೆ ಜಿಸಿಸಿ ಕಂಪೈಲರ್ ಇದನ್ನು ಎತ್ತಿ ತೋರಿಸುತ್ತದೆ. ಆಗ ಕೆಲವರು ಮುಂದೆ ‘ವಾಯ್ಡ್’ ಅಂತ ಕಾಸ್ಟ್ (ಈ ಲೆಕ್ಕ ನನಗೆ ಬೇಡ ಅನ್ನುವ ಗುರುತು) ಹಾಕಿ ಅದರ ಬಾಯಿ ಮುಚ್ಚಿಸಲು ಹೋಗುತ್ತಾರೆ. ಜಿಸಿಸಿ ಅದಕ್ಕೆ ಬಗ್ಗಲ್ಲ, ಬಗ್ಗದಿರುವುದೇ ಒಳ್ಳೆಯದು.

ಹಾಗಂತ ಎಲ್ಲ ವಾರ್ನಿಂಗೂ ನಿಜ ಅಂತಲ್ಲ. ‘ಈ ವೇರಿಯೇಬಲ್‌ಗೆ ಬೆಲೆ ಕೊಡದೆ ಬಳಸಿರಬಹುದು’ ಎಂಬ ವಾರ್ನಿಂಗ್ ಎಷ್ಟೋ ಸಲ ಸುಳ್ಳು. ಕೋಡ್ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನಮಗೆ ಗೊತ್ತಿರುತ್ತದೆ, ಕಂಪೈಲರಿಗೆ ಅಷ್ಟು ದೂರ ಕಾಣುವುದಿಲ್ಲ. 2020ರ ಮೇ ತಿಂಗಳಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರೇ ಬೇಸತ್ತು ಅದರ ತಿರುಳಾದ ಕರ್ನಲ್‌ನ ಮಾಮೂಲಿ ಬಿಲ್ಡ್‌ನಲ್ಲಿ ಇದನ್ನು ಆಫ್ ಮಾಡಿದರು. ಸುಳ್ಳು ವಾರ್ನಿಂಗ್ ಬಂದಾಗ ಏನು ಮಾಡುತ್ತೇವೆ ಅನ್ನುವುದೇ ನನ್ನ ಚಿಂತೆ.

ನನ್ನದೇ ಅನುಭವ ಹೇಳುತ್ತೇನೆ. ಸೆನ್ಸರ್ ಓದಿ ಮೆಮರಿ ಕಾರ್ಡಿಗೆ ಬರೆಯುವ ಒಂದು ಫಂಕ್ಷನ್, ಒಳಗೆ ಸ್ವಿಚ್, ಅದರಲ್ಲಿ ಮೂರು ದಾರಿ, ಅಂದರೆ ಮೂರು ಕೇಸ್. ಮೂರರಲ್ಲೂ ಎರರ್ ಕೋಡನ್ನು ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟಿದ್ದೆ, ಆದರೂ ಅದೇ ವಾರ್ನಿಂಗ್ ಬಂತು. ಸುಳ್ಳು ಅಂತ ಗೊತ್ತಿತ್ತು, ಸುಮ್ನೆ ಯಾಕೆ ತಲೆನೋವು ಅಂತ ವೇರಿಯೇಬಲ್‌ಗೆ ಮೊದಲೇ ಸೊನ್ನೆ ಕೊಟ್ಟುಬಿಟ್ಟೆ. ಸಿ ಭಾಷೆಯ ರೂಢಿಯಲ್ಲಿ ಸೊನ್ನೆ ಅಂದರೆ ‘ಎಲ್ಲ ಸರಿಯಾಯಿತು’. ಕೆಲವು ತಿಂಗಳ ಮೇಲೆ ಸಹೋದ್ಯೋಗಿಯೊಬ್ಬರು ನಾಲ್ಕನೇ ಕೇಸ್ ಸೇರಿಸಿದರು, ಬರೆಯುವ ಫಂಕ್ಷನ್ ಕರೆದರು, ಅದು ಕೊಟ್ಟ ಕೋಡ್ ಹಿಡಿದಿಡಲು ಮರೆತರು. ಕಾರ್ಡ್ ತುಂಬಿದಾಗ ಬರವಣಿಗೆ ಸೋತಿತು, ನನ್ನ ಸೊನ್ನೆ ಮಾತ್ರ ‘ಸರಿಯಾಯಿತು’ ಅಂತಲೇ ಹೇಳುತ್ತಾ ಹೋಯಿತು. ಎರಡು ದಿನದ ಅಳತೆಗಳು ಹೋದವು, ಮತ್ತೆ ಸಿಗಲಿಲ್ಲ. ಅಲ್ಲಿ ಸೊನ್ನೆಯ ಬದಲು ಮೈನಸ್ ಒಂದು ಇಟ್ಟಿದ್ದರೆ ಕಂಪೈಲರೂ ಸುಮ್ಮನಾಗುತ್ತಿತ್ತು, ಹೊಸ ಕೇಸ್ ಮೊದಲ ಟೆಸ್ಟಿನಲ್ಲೇ ಸೋತು ಸಿಕ್ಕಿಬೀಳುತ್ತಿತ್ತು. ಬದಲಾಗಬೇಕಿದ್ದದ್ದು ಒಂದೇ ಅಂಕಿ.

ಇದಕ್ಕಿಂತ ದೊಡ್ಡ ಪೆಟ್ಟು ಜಗತ್ತು ತಿಂದಿದೆ. 2006ರಲ್ಲಿ ಡೆಬಿಯನ್ ಲಿನಕ್ಸ್‌ನಲ್ಲಿ ರಹಸ್ಯ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ಕೋಡನ್ನು ವ್ಯಾಲ್‌ಗ್ರೈಂಡ್‌ನಲ್ಲಿ ಓಡಿಸಿದಾಗ ಬೆಲೆ ಕೊಡದ ಮೆಮರಿ ಬಗ್ಗೆ ದೂರು ಬರುತ್ತಿತ್ತು. ಅದು ಕಂಪೈಲರ್ ಅಲ್ಲ, ಮೆಮರಿ ತಪಾಸಣೆ ಮಾಡುವ ಸಾಧನ, ಆದರೆ ಕಥೆ ಅದೇ. ದೂರು ನಿಲ್ಲಿಸಲು ಡೆಬಿಯನ್‌ನವರು ಎರಡು ಸಾಲುಗಳನ್ನು ಕಾಮೆಂಟ್ ಮಾಡಿದರು, ಅಂದರೆ ಓಡದಂತೆ ಮಾಡಿದರು. ಅದರಲ್ಲಿ ಒಂದು, ರಹಸ್ಯ ಕೀಲಿಗೆ ಬೇಕಾದ ಅಂದಾಜಿಗೆ ಸಿಗದ ಅಂಕಿಗಳನ್ನೆಲ್ಲ ಒಳಗೆ ಸೇರಿಸುವ ಸಾಲು! ಕೊನೆಗೆ ಉಳಿದ ವ್ಯತ್ಯಾಸ ಪ್ರೊಸೆಸ್ ಐಡಿ (ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಮ್ ಕೊಡುವ ಸಂಖ್ಯೆ) ಒಂದೇ. ಹಾಗಾಗಿ ಒಂದೊಂದು ಬಗೆಯ ಕೀಲಿಯಲ್ಲೂ ಹುಟ್ಟಬಹುದಾದದ್ದು ಸುಮಾರು 32 ಸಾವಿರ ಮಾತ್ರ, ಒಂದೊಂದಾಗಿ ಹಾಕಿ ನೋಡಿದರೂ ಬೇಗ ಸಿಗುವಷ್ಟು. ಇದು ಬಯಲಾಗಿದ್ದು 2008ರ ಮೇ ತಿಂಗಳಲ್ಲಿ. ಅಷ್ಟರೊಳಗೆ ಆ ಕೀಲಿಗಳು ಉಬುಂಟು ಸೇರಿದಂತೆ ಎಷ್ಟೋ ಸರ್ವರುಗಳಿಗೆ ಹೋಗಿದ್ದವು, ಎಲ್ಲ ಬಿಸಾಡಿ ಹೊಸದು ಮಾಡಬೇಕಾಯಿತು.

ಪಠ್ಯಕ್ರಮ ರೂಪಿಸುವವರಲ್ಲಿ, ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಮೊದಲ ದಿನದಿಂದಲೇ ಹೆಚ್ಚು ವಾರ್ನಿಂಗ್ ತೋರಿಸುವ ‘ಡಬ್ಲ್ಯೂ ಆಲ್’ (-Wall), ‘ಡಬ್ಲ್ಯೂ ಎಕ್ಸ್‌ಟ್ರಾ’ (-Wextra) ಆಯ್ಕೆಗಳನ್ನು ಹಾಕಿ ಕಂಪೈಲ್ ಮಾಡಿಸಿ. ವಾರ್ನಿಂಗ್ ಸುಳ್ಳು ಅಂತ ವಿದ್ಯಾರ್ಥಿ ಹೇಳಿದರೆ ಯಾಕೆ ಸುಳ್ಳು ಅಂತ ವೈವಾದಲ್ಲಿ ಕೇಳಿ, ಸರಿಯಾಗಿ ಹೇಳಿದರೆ ಅಂಕ ಕೊಡಿ. ಫೈಲ್ ತೆರೆಯುವ ಎಫ್‌ಓಪನ್ ಸೋತಾಗ, ಯಾಕೆ ಸೋತಿತು ಅಂತ ಹೇಳುವ ಎರ್ನೋದಲ್ಲಿ ಇರುವ ಸಂಖ್ಯೆಯನ್ನು ಮೊದಲು ಎತ್ತಿಟ್ಟುಕೊಂಡು ಆಮೇಲೆ ಪ್ರಿಂಟ್‌ಎಫ್ ಕರೆಯಬೇಕು, ಇಲ್ಲದಿದ್ದರೆ ಆ ಪ್ರಿಂಟ್‌ಎಫ್ ಅದನ್ನು ಬದಲಿಸಿಬಿಡಬಹುದು ಅಂತ ಹೇಳಿಕೊಡಿ. ಪರೀಕ್ಷೆಯ ದಿನ, ಔಟ್‌ಪುಟ್ ಸರಿ ಬಂದ ಮೇಲೆ, ಪ್ರೋಗ್ರಾಂ ತೆರೆಯಬೇಕಾದ ಫೈಲಿನ ಹೆಸರು ಬದಲಿಸಿ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿ ನೋಡಿ, ಸಹಿ ಆಮೇಲೆ ಹಾಕಿ.

– ಒಬ್ಬ ಓದುಗ, ಬೆಂಗಳೂರು