ಬಲ ರೆಕ್ಕೆ ಬುಡದ ಫೇರಿಂಗ್ ಬದಲಾಯಿಸಿಕೊಡುವ ಬಗ್ಗೆ ದೂರು

ಹಾಸನ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ವಿಷಯ: ತೂತುಗಳು ಕೂಡದ ಫೇರಿಂಗ್ ಮತ್ತು ಅಳತೆ ತಪ್ಪಿದ ರಬ್ಬರ್ ಪಟ್ಟಿ

ಇಬ್ಬರು ಕೂರುವ ಲೋಹದ ವಿಮಾನ ಕಟ್ಟಲು ನಿಮ್ಮಿಂದ ತರಿಸಿದ, ರೆಕ್ಕೆಗೂ ಬಾಡಿಗೂ ನಡುವಿನ ಸಂದು ಮುಚ್ಚುವ ಫೇರಿಂಗ್‌ಗಳಲ್ಲಿ ಬಲಗಡೆಯ ಮೇಲಿನ ಪಟ್ಟಿ ರೆಕ್ಕೆಗೆ ಕೂಡುತ್ತಿಲ್ಲ. ರೆಕ್ಕೆಯ ಮುಂದಿನ ಅಂಚಾದ ಮುಂಚೂಣಿಯ ಮೊದಲ ಸ್ಕ್ರೂ ಸರಿಯಾಗಿ ಇಳಿಯುತ್ತದೆ. ಹಿಂದಕ್ಕೆ ಹೋದಂತೆಲ್ಲ ಪಟ್ಟಿಯ ತೂತಿಗೂ ರೆಕ್ಕೆಯ ನಟ್‌ಪ್ಲೇಟಿಗೂ (ತಗಡಿನ ಒಳಬದಿಗೆ ಕೂರಿಸಿದ ನಟ್ಟು) ಅಂತರ ಬೆಳೆದು, ಕೊನೆಯ ಸ್ಕ್ರೂವಿನ ಹತ್ತಿರ 3 ಮಿ.ಮೀ. ಆಗುತ್ತದೆ. ಪಟ್ಟಿಯನ್ನು ಸರಿಯಾಗಿ ಇಟ್ಟಿಲ್ಲ ಎಂದು ನಿಮ್ಮ ತಂತ್ರಜ್ಞರು ಫೋನಿನಲ್ಲಿ ಹೇಳಿದರು. ಇದನ್ನು ಒಪ್ಪಲು ಸಾಧ್ಯವಿಲ್ಲ. ಪಟ್ಟಿ ಹಿಂದೆ ಮುಂದೆ ಸರಿದಿದ್ದರೆ ಎಲ್ಲ ತೂತುಗಳೂ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದವು. ಓರೆಯಾಗಿದ್ದರೆ ಬಾಡಿಯ ಕಡೆಗೋ ರೆಕ್ಕೆಯ ತುದಿಯ ಕಡೆಗೋ ಸರಿಯುತ್ತಿದ್ದವು. ಇಲ್ಲಿ ತಪ್ಪಿರುವುದು ಉದ್ದಕ್ಕೆ ಮಾತ್ರ, ಅದೂ ತೂತಿನಿಂದ ತೂತಿಗೆ ಹೆಚ್ಚುತ್ತಾ. ಹಾಗಾಗಿ ಕೊರೆಯುವಾಗ ತೂತುಗಳ ನಡುವೆ ಇಟ್ಟ ದೂರವೇ ತಪ್ಪು. ಎಡಗಡೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಫೋಟೋ ಲಗತ್ತಿಸಿದೆ, ಬರಿಗಣ್ಣಿಗೇ ಕಾಣುತ್ತದೆ.

ತೂತಿಗೆ ಅರ ಹಾಕಿ ಅಗಲ ಮಾಡಿಕೊಳ್ಳಿ ಎಂಬ ನಿಮ್ಮ ಸಲಹೆ ಅಪಾಯಕಾರಿ. ಪಟ್ಟಿ 0.025 ಇಂಚಿನ 2024-ಟಿ3 ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಎಂಟನೇ ನಂಬರಿನ ಸ್ಕ್ರೂವಿನ ತಲೆ ಮೇಲ್ಮೈಗೆ ಸಮನಾಗಿ ಕೂರಲೆಂದು ಪಟ್ಟಿಗೂ ರೆಕ್ಕೆಯ ತಗಡಿಗೂ ಡಿಂಪಲ್, ಅಂದರೆ ತೂತಿನ ಸುತ್ತ ಕುಳಿ, ಒತ್ತಿದೆ. ಒಂದರ ಕುಳಿಯಲ್ಲಿ ಇನ್ನೊಂದು ಕೂತರಷ್ಟೇ ಪಟ್ಟಿ ರೆಕ್ಕೆಗೆ ಒತ್ತಿ ನಿಲ್ಲುತ್ತದೆ. ಈಗ ಪಟ್ಟಿಯ ಡಿಂಪಲ್ ಕುಳಿಯ ಪಕ್ಕದ ಚಪ್ಪಟೆ ತಗಡಿನ ಮೇಲೆ ನಿಂತು ಅಂಚು ಎದ್ದಿದೆ. ಅರ ಹಾಕಿದರೂ ಅದು ಇಳಿಯುವುದಿಲ್ಲ. ಸ್ಕ್ರೂವಿನ ತಲೆಗೆ ಒಂದು ಬದಿಯ ಆಧಾರವೂ ಹೋಗಿ, ಎಂಜಿನ್ ನಡುಕಕ್ಕೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ನಟ್‌ಪ್ಲೇಟ್ ಸರಿಸೋಣವೆಂದರೆ ರೆಕ್ಕೆಯ ತೂತಿನ ಅಗಲವೇ 4 ಮಿ.ಮೀ. ದಾಟುತ್ತದೆ, 3 ಮಿ.ಮೀ. ಪಕ್ಕಕ್ಕೆ ಹೊಸದು ಕೊರೆದರೆ ಎರಡೂ ಒಂದಾಗುತ್ತವೆ. ನಿಮ್ಮ ಪಟ್ಟಿಯ ತಪ್ಪಿಗೆ ಒಳ್ಳೆಯ ರೆಕ್ಕೆಯನ್ನು ಕೆಡಿಸಲಾಗದು.

ರಬ್ಬರಿನದೂ ತೊಂದರೆ. ಹಾರುವಾಗ ರೆಕ್ಕೆ ಬಾಗುವುದರಿಂದ ಫೇರಿಂಗನ್ನು ಬಾಡಿಗೆ ಸ್ಕ್ರೂ ಹಾಕಿ ಬಿಗಿಯುವುದಿಲ್ಲ, ಆ ಅಂಚು ರಬ್ಬರಿನ ಮೂಲಕ ಬಾಡಿಗೆ ತಾಗಿರುತ್ತದೆ ಅಷ್ಟೆ. ನೀವು ಕಳಿಸಿದ ರಬ್ಬರಿನಲ್ಲಿ ತಗಡು ಕೂರುವ ಸೀಳು ಸುಮಾರು 3 ಮಿ.ಮೀ. ಅಗಲ, ತಗಡು 0.6 ಮಿ.ಮೀ. ಬೆರಳಲ್ಲಿ ಎಳೆದರೇ ಕಳಚಿ ಬರುತ್ತದೆ. ಅದಿಲ್ಲದೆ ಹಾರಿಸಿದರೆ ತಗಡಿನ ಅಂಚು ಬಾಡಿಯ ಬಣ್ಣ ಕೆರೆದು ಲೋಹಕ್ಕೇ ಗೀರು ಹಾಕುತ್ತದೆ.

ಆದ್ದರಿಂದ ತೂತು ಕೊರೆಯದ, ಡಿಂಪಲ್ ಒತ್ತದ ಪಟ್ಟಿಯನ್ನೇ ಕಳಿಸಿಕೊಡಿ. ಬಾಡಿಯ ಕಡೆಯ ಅಂಚಿನಲ್ಲಿ 10 ಮಿ.ಮೀ. ಹೆಚ್ಚಿಗೆ ಬಿಟ್ಟಿರಲಿ. ರೆಕ್ಕೆಯ ಕೋನ ಹೊಂದಿಸಿದ ಮೇಲೆ ಹಿಂದಿನ ಸ್ಪಾರಿನ (ರೆಕ್ಕೆಯೊಳಗಿನ ಉದ್ದ ತೊಲೆ) ಬೋಲ್ಟಿಗೆ ತೂತು ಕೊರೆಯುವವರು ಕಟ್ಟುವವರೇ ಆದ್ದರಿಂದ ಬುಡದ ಸಂದು ಎಲ್ಲ ವಿಮಾನಗಳಲ್ಲೂ ಒಂದೇ ಇರುವುದಿಲ್ಲ. ಮುಂಚೂಣಿಯ ಬಾಗು ಕೂತ ಮೇಲೆ ಕೆಳಗಿನ ತೂತಿನ ಜಾಗ ತೋರಿಸುವ ಹೋಲ್ ಫೈಂಡರ್ ತೂರಿಸಿ ಹಿಂದಕ್ಕೆ ಒಂದೊಂದೇ ತೂತನ್ನು 3/32 ಇಂಚಿಗೆ ಕೊರೆದು, ಆಮೇಲೆ 19ನೇ ನಂಬರಿನ ಡ್ರಿಲ್ಲಿಗೆ ಏರಿಸಿಕೊಳ್ಳುತ್ತೇವೆ. ಜೊತೆಗೆ 0.6 ಮಿ.ಮೀ. ತಗಡನ್ನು ಬಿಗಿಯಾಗಿ ಕಚ್ಚುವ ರಬ್ಬರ್, ಎರಡೂ ಕಡೆಗೆ ಸಾಲುವಷ್ಟು, ಬೇಕು. ಸಾಗಣೆ ವೆಚ್ಚ ನಿಮ್ಮದೇ. ಇದೇ ಸರಣಿಯ ಬಲ ಪಟ್ಟಿ ಬೇರೆಯವರಿಗೂ ಹೋಗಿದ್ದರೆ, ಅವರು ಅರ ಹಿಡಿಯುವ ಮೊದಲೇ ದಯವಿಟ್ಟು ತಿಳಿಸಿ.

15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಹಾಸನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಿಮಾನ ಕಟ್ಟುತ್ತಿರುವ ಗ್ರಾಹಕರು

ಲಗತ್ತು: ಬಿಲ್ಲಿನ ಪ್ರತಿ, ಫೋಟೋಗಳು, ತೂತುಗಳ ಅಳತೆಪಟ್ಟಿ